ಯೊಸೆಮಿಟಿಯನ್ನು ಕಾಪಾಡುವುದೆಂದರೆ ಏನು? ಬೆಂಕಿ, ಕರಡಿ, ಸೇತುವೆ ಮತ್ತು ನಾವು

ಊರಿನಿಂದ ಅಪ್ಪ-ಅಮ್ಮ ಅಥವಾ ಅತ್ತೆ-ಮಾವ ಬಂದರೆಂದರೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಪ್ರವಾಸದ ಪಟ್ಟಿ ಹೆಚ್ಚುಕಡಿಮೆ ಒಂದೇ: ಗೋಲ್ಡನ್ ಗೇಟ್ ಸೇತುವೆ, ಲೇಕ್ ಟಾಹೋ, ಯೊಸೆಮಿಟಿ. ಲಾಂಗ್ ವೀಕೆಂಡ್ ಸಿಕ್ಕಿದರೆ ಸಾಕು, ಪುಳಿಯೋಗರೆ, ಚಪಾತಿ, ಮೊಸರನ್ನ ಕಟ್ಟಿಕೊಂಡು ಬೆಳಗಿನ ಜಾವಕ್ಕೇ ಹೊರಟುಬಿಡುತ್ತೇವೆ. ಟನಲ್ ವ್ಯೂನಲ್ಲಿ ನಿಂತು ಎಲ್ ಕ್ಯಾಪಿಟನ್, ಹಾಫ್ ಡೋಮ್, ಬ್ರೈಡಲ್‌ವೇಲ್ ಜಲಪಾತ ಮೂರೂ ಒಂದೇ ಚಿತ್ರದಲ್ಲಿ ಬರುವಂತೆ ಫೋಟೋ ತೆಗೆಸಿಕೊಂಡು, "ದೇವರು ಸೃಷ್ಟಿಸಿದಂತೆಯೇ ಇಟ್ಟುಕೊಂಡಿದ್ದಾರಲ್ಲ ಈ ಜನ!" ಎಂದು ಮೆಚ್ಚಿಕೊಳ್ಳುತ್ತೇವೆ.

ಆದರೆ ಅದೇ ದಾರಿಯಲ್ಲಿ ಕೆಲವೊಮ್ಮೆ ಇನ್ನೊಂದು ದೃಶ್ಯವೂ ಕಾಣುತ್ತದೆ. ಕಾಡಿನೊಳಗಿಂದ ಹೊಗೆ ಏಳುತ್ತಿರುತ್ತದೆ. ರಸ್ತೆ ಬದಿಯಲ್ಲಿ ಬೋರ್ಡು: ಇದು ಪಾರ್ಕಿನವರೇ ಹಚ್ಚಿದ ಬೆಂಕಿ, ದಯವಿಟ್ಟು ಫೋನ್ ಮಾಡಿ ತಿಳಿಸಬೇಡಿ! ಒಂದು ಹೂವು ಕೀಳಬಾರದು, ಒಂದು ಕಲ್ಲು ಎತ್ತಿಕೊಂಡು ಹೋಗಬಾರದು ಎನ್ನುವ ಜನ ತಾವೇ ಕಾಡಿಗೆ ಬೆಂಕಿ ಹಚ್ಚುವುದೇ? ನಮ್ಮಲ್ಲಿ ಅನೇಕರಿಗೆ ಬಂದಿರಬಹುದಾದ ಪ್ರಶ್ನೆ ಇದು. ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಈ ದೇಶದ ರಾಷ್ಟ್ರೀಯ ಉದ್ಯಾನಗಳ ನಿರ್ವಹಣೆಯ ಬಹುಪಾಲು ಕಥೆ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ಒಂದೇ ಮಾತಿನಲ್ಲಿ ಹೇಳುವುದಾದರೆ, ಯೊಸೆಮಿಟಿ "ಇದ್ದಂತೆಯೇ" ಇಲ್ಲ. ಅದನ್ನು ಪ್ರತಿದಿನ, ಪ್ರತಿವರ್ಷ, ಯೋಚಿಸಿ, ಜಗಳವಾಡಿ, ಕೆಲವೊಮ್ಮೆ ಎಡವಿ, ಆಮೇಲೆ ತಿದ್ದಿಕೊಂಡು ಉಳಿಸಿಕೊಳ್ಳಲಾಗುತ್ತಿದೆ.

ಒಂದು ಕಾನೂನು, ಎರಡು ಕೆಲಸ

ಮೊದಲು ಸ್ವಲ್ಪ ಇತಿಹಾಸ. ಅಮೆರಿಕದ ಅಂತರ್ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1864ರ ಜೂನ್ 30ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ ಒಂದು ಮಸೂದೆಗೆ ಸಹಿ ಹಾಕಿದರು. ಯೊಸೆಮಿಟಿ ಕಣಿವೆಯನ್ನೂ ಮರಿಪೋಸಾ ಗ್ರೋವ್‌ನ ದೈತ್ಯ ಸಿಕ್ವೊಯಾ ಮರಗಳನ್ನೂ ಸಾರ್ವಜನಿಕರ ಬಳಕೆಗಾಗಿ, ಎಂದೆಂದಿಗೂ ಮಾರದಂತೆ, ಕ್ಯಾಲಿಫೋರ್ನಿಯಾ ರಾಜ್ಯದ ವಶಕ್ಕೆ ಕೊಟ್ಟ ಕಾನೂನು ಅದು. ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ ಎಂಬ ಹೆಸರು 1872ರಲ್ಲಿ ಯೆಲ್ಲೋಸ್ಟೋನ್‌ಗೆ ಸಂದರೂ, ಆ ಯೋಚನೆಯ ಬೀಜ ಬಿದ್ದದ್ದು ಇಲ್ಲಿಯೇ. ಜಾನ್ ಮ್ಯೂರ್ ಮೊದಲಾದವರ ಒತ್ತಾಯದಿಂದ 1890ರಲ್ಲಿ ಕಣಿವೆಯ ಸುತ್ತಲಿನ ಎತ್ತರದ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. 1906ರಲ್ಲಿ ಕಣಿವೆ ಮತ್ತು ಮರಿಪೋಸಾ ಗ್ರೋವ್ ಕೂಡ ಅದಕ್ಕೆ ಸೇರಿದವು.

ಉದ್ಯಾನವೇನೋ ಆಯಿತು, ಕಾಯುವವರು ಯಾರು? ಆಗಿನ್ನೂ ರೇಂಜರುಗಳ ಇಲಾಖೆ ಇರಲಿಲ್ಲ. 1891ರಿಂದ 1913ರವರೆಗೆ ಬೇಸಿಗೆಯಲ್ಲಿ ಸೈನ್ಯದ ಕುದುರೆ ಪಡೆಗಳೇ ಬಂದು, ಕುರಿ ಮಂದೆಗಳನ್ನು ಹೊರಗಟ್ಟಿ, ಕಳ್ಳಬೇಟೆ ತಡೆದು, ಕಾಲುದಾರಿಗಳನ್ನು ಮಾಡುತ್ತಿದ್ದವು. ಅವರಲ್ಲಿ "ಬಫಲೋ ಸೋಲ್ಜರ್ಸ್" ಎಂದು ಹೆಸರಾದ ಕಪ್ಪುವರ್ಣೀಯ ಸೈನಿಕರೂ ಇದ್ದರು. ದೇಶದಲ್ಲಿ ತಮಗೇ ಸಮಾನ ಹಕ್ಕು ಇಲ್ಲದ ಕಾಲದಲ್ಲಿ ಎಲ್ಲರ ಪರವಾಗಿ ಈ ಕಾಡನ್ನು ಕಾದವರು ಅವರು.

1916ರ ಆಗಸ್ಟ್ 25ರಂದು ನ್ಯಾಷನಲ್ ಪಾರ್ಕ್ ಸರ್ವಿಸ್ ಸ್ಥಾಪನೆಯಾಯಿತು. ಅದರ ಮೂಲ ಕಾನೂನು ಇಲಾಖೆಗೆ ಎರಡು ಕೆಲಸ ಒಪ್ಪಿಸಿದೆ. ಒಂದು, ಅಲ್ಲಿನ ನಿಸರ್ಗ ಸೌಂದರ್ಯ, ವನ್ಯಜೀವಿಗಳು ಮತ್ತು ಐತಿಹಾಸಿಕ ವಸ್ತುಗಳನ್ನು ಕಾಪಾಡುವುದು. ಎರಡು, ಜನ ಬಂದು ನೋಡಿ ಸಂತೋಷಪಡಲು ಅವಕಾಶ ಮಾಡಿಕೊಡುವುದು. ಜೊತೆಗೆ ಒಂದು ಷರತ್ತು: ಮುಂದಿನ ಪೀಳಿಗೆಗೂ ಕೆಡದಂತೆ ಅದು ಉಳಿದಿರಬೇಕು. ಕೇಳಲು ಸರಳ. ಆದರೆ 2016ರಲ್ಲಿ ಒಂದೇ ವರ್ಷಕ್ಕೆ 50 ಲಕ್ಷಕ್ಕೂ ಹೆಚ್ಚು ಜನ ಬಂದ ಜಾಗವಿದು. ಅಷ್ಟೂ ಜನರಿಗೆ ಕಾರು ನಿಲ್ಲಿಸಲು ಜಾಗ, ಊಟ, ಶೌಚಾಲಯ, ದಾರಿ ಎಲ್ಲ ಕೊಟ್ಟು "ಕೆಡದಂತೆ" ಇಡುವುದು ಹೇಗೆ? ಈ ಎರಡು ಕೆಲಸಗಳ ನಡುವಿನ ಎಳೆದಾಟವೇ ಪಾರ್ಕ್ ನಿರ್ವಹಣೆಯ ಪ್ರಾಣ.

ಎಳೆದಾಟದಲ್ಲಿ ಸೋತ ಉದಾಹರಣೆಯೂ ಇಲ್ಲಿಯೇ ಇದೆ. ಉದ್ಯಾನದೊಳಗೇ ಇರುವ ಹೆಚ್ ಹೆಚಿ ಕಣಿವೆ ಯೊಸೆಮಿಟಿ ಕಣಿವೆಯ ಅವಳಿಯಂತಿತ್ತು ಎನ್ನುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಕುಡಿಯುವ ನೀರಿಗಾಗಿ ಅಲ್ಲಿ ಅಣೆಕಟ್ಟು ಕಟ್ಟಲು 1913ರಲ್ಲಿ ಅಮೆರಿಕದ ಕಾಂಗ್ರೆಸ್ ಒಪ್ಪಿಗೆ ಕೊಟ್ಟಿತು. ಅದನ್ನು ವಿರೋಧಿಸಿ ಹೋರಾಡಿದ ಮ್ಯೂರ್ ಮರುವರ್ಷವೇ ತೀರಿಕೊಂಡರು. 1923ರಲ್ಲಿ ಅಣೆಕಟ್ಟು ಮುಗಿಯಿತು, 1934ರಲ್ಲಿ ನೀರು ಬೇ ಏರಿಯಾ ತಲುಪಿತು. ಇಂದು ಸುಮಾರು 27 ಲಕ್ಷ ಜನ ಕುಡಿಯುವ ನೀರಿನ ಬಹುಪಾಲು ಆ ಮುಳುಗಿದ ಕಣಿವೆಯಿಂದ ಬರುತ್ತದೆ. ಅವರಲ್ಲಿ ನಮ್ಮ ಕನ್ನಡ ಕುಟುಂಬಗಳೂ ಸಾಕಷ್ಟಿವೆ. ಆದ್ದರಿಂದ ಯೊಸೆಮಿಟಿ ಎಂದರೆ ವರ್ಷಕ್ಕೊಮ್ಮೆ ನೋಡಿಬರುವ ಜಾಗ ಮಾತ್ರವಲ್ಲ, ನಮ್ಮಲ್ಲಿ ಅನೇಕರ ಅಡುಗೆಮನೆಯ ನಲ್ಲಿಗೂ ಅದಕ್ಕೂ ನೇರ ಸಂಬಂಧವಿದೆ.

ಬೆಂಕಿ ಆರಿಸಿದ್ದರಿಂದಲೇ ಕಾಡು ಕೆಟ್ಟಿತು

ಈಗ ಹೊಗೆಯ ಪ್ರಶ್ನೆಗೆ ಬರೋಣ. ಮರಿಪೋಸಾ ಗ್ರೋವ್‌ನಲ್ಲಿ ಸುಮಾರು 500 ಬೆಳೆದ ಸಿಕ್ವೊಯಾ ಮರಗಳಿವೆ. ಅವುಗಳಲ್ಲಿ ಹೆಸರುವಾಸಿಯಾದ "ಗ್ರಿಜ್ಲಿ ಜೈಂಟ್" 209 ಅಡಿ ಎತ್ತರವಿದೆ, ವಯಸ್ಸು ಸುಮಾರು 3,000 ವರ್ಷ ಎಂದು ಅಂದಾಜು. ನಮ್ಮ ಹಲ್ಮಿಡಿ ಶಾಸನವನ್ನು ಕಲ್ಲಿನಲ್ಲಿ ಕೆತ್ತುತ್ತಿದ್ದ ಹೊತ್ತಿಗೆ ಈ ಮರಕ್ಕೆ ಆಗಲೇ ಸರಿಸುಮಾರು ಒಂದೂವರೆ ಸಾವಿರ ವರ್ಷವಾಗಿತ್ತು!

ಇಂಥ ಮರಗಳನ್ನು ಕಾಪಾಡಬೇಕೆಂದರೆ ಮೊದಲು ಬೆಂಕಿಯಿಂದ ಕಾಪಾಡಬೇಕು ಎಂದು ಯಾರಿಗಾದರೂ ತೋಚುವುದು ಸಹಜ. ಪಾರ್ಕಿನವರೂ ಹಾಗೆಯೇ ಅಂದುಕೊಂಡರು. ದಶಕಗಳ ಕಾಲ ಎಲ್ಲಿ ಹೊಗೆ ಕಂಡರೂ ಓಡಿಹೋಗಿ ಆರಿಸಿದರು. 1960ರ ದಶಕದಲ್ಲಿ ರಿಚರ್ಡ್ ಹಾರ್ಟೆಸ್‌ವೆಲ್ಟ್ ಎಂಬ ವಿಜ್ಞಾನಿ ಸಿಕ್ವೊಯಾ ತೋಪುಗಳನ್ನು ಅಧ್ಯಯನ ಮಾಡಿದಾಗ ಗಾಬರಿಯ ವಿಷಯ ಹೊರಬಂತು: ದೊಡ್ಡ ಮರಗಳು ಚೆನ್ನಾಗಿಯೇ ಇವೆ, ಆದರೆ ಅವುಗಳ ಕೆಳಗೆ ಸಸಿಗಳೇ ಇಲ್ಲ. ಅಜ್ಜ-ಅಜ್ಜಿಯರು ಮಾತ್ರ ಇರುವ, ಮಕ್ಕಳೇ ಇಲ್ಲದ ಊರಿನಂತಾಗಿತ್ತು ಆ ಕಾಡು.

ಕಾರಣ ಸ್ವಾರಸ್ಯವಾಗಿದೆ. ಸಿಕ್ವೊಯಾದ ಕಾಯಿ ಕೋಳಿಮೊಟ್ಟೆಯಷ್ಟೇ ದೊಡ್ಡದು. ಅದು ಬಿಗಿಯಾಗಿ ಮುಚ್ಚಿಕೊಂಡು ಇಪ್ಪತ್ತು ವರ್ಷದವರೆಗೂ ಮರದಲ್ಲೇ ಹಸಿರಾಗಿ ಇರಬಲ್ಲದು. ಕೆಳಗೆ ಬೆಂಕಿ ಬಿದ್ದಾಗ ಮೇಲೇರುವ ಬಿಸಿಗಾಳಿಗೆ ಕಾಯಿ ಒಣಗಿ ಬಾಯಿ ಬಿಡುತ್ತದೆ, ಅವಲಕ್ಕಿಗಿಂತಲೂ ಹಗುರವಾದ ಬೀಜಗಳು ಉದುರುತ್ತವೆ. ಅವು ಮೊಳೆಯಲು ತರಗೆಲೆ ಇಲ್ಲದ ಬರಿ ಮಣ್ಣು ಬೇಕು, ಬಿಸಿಲು ಬೇಕು. ಈ ಎರಡನ್ನೂ ಒದಗಿಸುವುದು ಮತ್ತೆ ಬೆಂಕಿಯೇ. ದೊಡ್ಡ ಮರಕ್ಕೇನೂ ತೊಂದರೆಯಿಲ್ಲ, ಅದರ ತೊಗಟೆಯೇ ಎರಡು ಅಡಿ ದಪ್ಪವಿರಬಲ್ಲದು. ಹಳೆಯ ಮರಗಳ ಕಾಂಡದ ಉಂಗುರಗಳಲ್ಲಿ ಮತ್ತೆ ಮತ್ತೆ ಬಂದುಹೋದ ಬೆಂಕಿಗಳ ಗಾಯದ ಗುರುತುಗಳಿವೆ. ಅವು ನೆಲಮಟ್ಟದಲ್ಲಿ ಹರಿದುಹೋದ ಸಣ್ಣ ಬೆಂಕಿಗಳು.

ಬೆಂಕಿ ನಿಂತಿದ್ದರಿಂದ ಇನ್ನೊಂದು ಅಪಾಯವೂ ಬೆಳೆಯಿತು. ವೈಟ್ ಫರ್ ಮೊದಲಾದ ಮರಗಳು ಸಿಕ್ವೊಯಾಗಳ ನಡುವೆ ಒತ್ತಾಗಿ ಬೆಳೆದವು, ನೆಲದ ಮೇಲೆ ತರಗು-ಕಡ್ಡಿ ರಾಶಿ ಬಿತ್ತು. ಇಂಥ ಕಡೆ ಬೆಂಕಿ ಬಿದ್ದರೆ ಆ ಮಧ್ಯಮ ಎತ್ತರದ ಮರಗಳನ್ನೇ ಏಣಿ ಮಾಡಿಕೊಂಡು ಅದು ಸಿಕ್ವೊಯಾದ ನೆತ್ತಿಯನ್ನೇ ಮುಟ್ಟುತ್ತದೆ. ನೆತ್ತಿ ಸುಟ್ಟ ಮರ ಉಳಿಯುವುದಿಲ್ಲ.

1963ರಲ್ಲಿ ಸ್ಟಾರ್ಕರ್ ಲಿಯೋಪೋಲ್ಡ್ ನೇತೃತ್ವದ ಸಮಿತಿಯೊಂದು ಸರ್ಕಾರಕ್ಕೆ ವರದಿ ಕೊಟ್ಟು, ಒಂದೊಂದು ಪ್ರಾಣಿಯನ್ನೋ ಮರವನ್ನೋ ಕಾಯುವುದಲ್ಲ, ಇಡೀ ಜೀವಜಾಲ ನಡೆದುಕೊಂಡು ಬಂದ ರೀತಿಯನ್ನು ಉಳಿಸಬೇಕು, ಅದರಲ್ಲಿ ಬೆಂಕಿಗೂ ಪಾತ್ರವಿದೆ ಎಂದಿತು. 1970ರ ದಶಕದ ಆರಂಭದಿಂದ ಯೊಸೆಮಿಟಿಯಲ್ಲಿ ನಿಯಂತ್ರಿತ ಬೆಂಕಿ ಹಾಕುವುದು ಶುರುವಾಯಿತು. ಮನಸ್ಸಿಗೆ ಬಂದಾಗ ಕಡ್ಡಿ ಗೀರುವ ಕೆಲಸವಲ್ಲ ಇದು. ಗಾಳಿಯ ದಿಕ್ಕು, ತೇವಾಂಶ, ನೆಲದ ಮೇಲಿನ ಉರುವಲಿನ ಲೆಕ್ಕ ಹಾಕಿ, ವಾಯು ಮಾಲಿನ್ಯ ಇಲಾಖೆಯ ಅನುಮತಿ ಪಡೆದು, ಸಿಬ್ಬಂದಿಯನ್ನು ಸುತ್ತ ನಿಲ್ಲಿಸಿ ಮಾಡುವ ಕೆಲಸ. ಎಷ್ಟೋ ಸಲ ಹವಾಮಾನ ಕೂಡಿ ಬರದೆ ಮುಂದೂಡಲಾಗುತ್ತದೆ.

ಇದರ ಪರೀಕ್ಷೆ ಈಚಿನ ವರ್ಷಗಳಲ್ಲಿ ನಡೆಯಿತು. 2020 ಮತ್ತು 2021ರಲ್ಲಿ ಯೊಸೆಮಿಟಿಯ ದಕ್ಷಿಣಕ್ಕೆ, ಸಿಕ್ವೊಯಾ ನ್ಯಾಷನಲ್ ಪಾರ್ಕ್ ಸುತ್ತಮುತ್ತ ಎದ್ದ ಮೂರು ಭಾರೀ ಕಾಳ್ಗಿಚ್ಚುಗಳಲ್ಲಿ ಸಿಯೆರಾ ಬೆಟ್ಟಗಳ ದೊಡ್ಡ ಸಿಕ್ವೊಯಾ ಮರಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ಸತ್ತವೆಂದು ಅಂದಾಜು ಮಾಡಲಾಯಿತು. ಸಾವಿರಾರು ವರ್ಷ ಬೆಂಕಿಯನ್ನು ಗೆದ್ದು ನಿಂತ ಮರಗಳು ಎರಡೇ ವರ್ಷದಲ್ಲಿ ಹೋದವು. 2022ರ ಜುಲೈನಲ್ಲಿ ಮರಿಪೋಸಾ ಗ್ರೋವ್‌ಗೂ ವಾಷ್‌ಬರ್ನ್ ಬೆಂಕಿ ನುಗ್ಗಿತು. ಗ್ರಿಜ್ಲಿ ಜೈಂಟ್‌ನ ಬುಡಕ್ಕೆ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಇಟ್ಟ ಚಿತ್ರಗಳನ್ನು ನಾವೆಲ್ಲ ಟೀವಿಯಲ್ಲಿ ನೋಡಿದ್ದೆವು. ಆದರೆ ನಿಜವಾಗಿ ತೋಪನ್ನು ಉಳಿಸಿದ್ದು ಸ್ಪ್ರಿಂಕ್ಲರ್ ಒಂದೇ ಅಲ್ಲ. ಐವತ್ತು ವರ್ಷಗಳಿಂದ ಹಾಕುತ್ತಾ ಬಂದಿದ್ದ ಸಣ್ಣ ಬೆಂಕಿಗಳಿಂದಾಗಿ ಅಲ್ಲಿ ಉರಿಯಲು ಹೆಚ್ಚು ಸರಕೇ ಉಳಿದಿರಲಿಲ್ಲ. ಒಳಗೆ ಬಂದ ಬೆಂಕಿ ತಗ್ಗಿ ನೆಲಕ್ಕಿಳಿಯಿತು, ದೈತ್ಯ ಮರಗಳು ಉಳಿದುಕೊಂಡವು.

ಹಾಗೆಂದು ಎಲ್ಲರೂ ಒಪ್ಪಿದ್ದಾರೆಂದಲ್ಲ. ಬೆಂಕಿಯ ಜೊತೆಗೆ ಮರ ಕಡಿದು ಕಾಡನ್ನು ತೆಳುವು ಮಾಡುವ ಕೆಲಸದ ವಿರುದ್ಧ 2022ರಲ್ಲಿಯೇ ಪರಿಸರ ಸಂಸ್ಥೆಯೊಂದು ಕೋರ್ಟಿಗೆ ಹೋಯಿತು. ರಾಷ್ಟ್ರೀಯ ಉದ್ಯಾನದಲ್ಲಿ ಗರಗಸಕ್ಕೆ ಎಷ್ಟು ಜಾಗ ಕೊಡಬೇಕು ಎಂಬುದು ಸುಲಭಕ್ಕೆ ಮುಗಿಯುವ ಚರ್ಚೆಯಲ್ಲ.

ಸೋಲಿಗರಿಗೆ ಗೊತ್ತಿದ್ದ ಮಾತು

ಸಣ್ಣ ಬೆಂಕಿ ಹಾಕಿ ದೊಡ್ಡ ಬೆಂಕಿ ತಪ್ಪಿಸುವ ವಿದ್ಯೆ ವಿಜ್ಞಾನಿಗಳು ಹೊಸದಾಗಿ ಕಂಡುಹಿಡಿದದ್ದಲ್ಲ. ಯೊಸೆಮಿಟಿ ಕಣಿವೆಯ ಮೂಲನಿವಾಸಿಗಳಾದ ಅವಾನೀಚಿ ಜನ ಶತಮಾನಗಳಿಂದ ಹುಲ್ಲುಗಾವಲಿಗೆ, ಓಕ್ ಮರಗಳ ಬುಡಕ್ಕೆ ಬೆಂಕಿ ಹಾಕುತ್ತಿದ್ದರು. ಬ್ಲ್ಯಾಕ್ ಓಕ್‌ನ ಕಾಯಿ ಅವರ ಮುಖ್ಯ ಆಹಾರ. ಬೆಂಕಿಯಿಂದ ಪೈನ್ ಸಸಿಗಳು ಹತೋಟಿಯಲ್ಲಿದ್ದು ಓಕ್‌ಗೆ ಬಿಸಿಲು ಸಿಗುತ್ತಿತ್ತು, ಬುಟ್ಟಿ ಹೆಣೆಯಲು ನೇರವಾದ ಹೊಸ ಕಡ್ಡಿಗಳು ಚಿಗುರುತ್ತಿದ್ದವು. 1851ರಲ್ಲಿ ಬಂದ ಬಿಳಿಯರು ಯಾರೂ ಮುಟ್ಟದ ಸ್ವರ್ಗ ಎಂದು ಬೆರಗಾದ ಆ ತೆರೆದ ಹುಲ್ಲುಗಾವಲು ವಾಸ್ತವವಾಗಿ ಮನುಷ್ಯರ ಕೈಯಿಂದಲೇ ಸಿದ್ಧವಾದದ್ದು.

ಇದನ್ನು ಓದುವಾಗ ಕರ್ನಾಟಕದವರಾದ ನಮಗೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನೆನಪಾಗದೆ ಇರುವುದಿಲ್ಲ. ಬೇಸಿಗೆ ಬಲಿಯುವ ಮೊದಲು ಒಣ ಎಲೆಗಳಿಗೆ ಹಾಕುವ ತೆಳುವಾದ ಬೆಂಕಿಯನ್ನು ಅವರು "ತರಗು ಬೆಂಕಿ" ಎನ್ನುತ್ತಾರೆ. 1970ರ ದಶಕದಲ್ಲಿ ಅಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿಗೆ ನಿಷೇಧ ಬಂತು. ತರಗು ಬೆಂಕಿ ನಿಂತ ಮೇಲೆಯೇ ಲಂಟಾನ ಪೊದೆ ಕಾಡನ್ನು ತುಂಬಿಕೊಂಡಿತು, ನೆಲ್ಲಿ ಮರಗಳಿಗೆ ಬಂದಣಿಕೆ ಹತ್ತಿತು ಎಂಬುದು ಸೋಲಿಗರ ಮಾತು. 2011ರಲ್ಲಿ, ಆ ಕಾಡು ಹುಲಿ ಸಂರಕ್ಷಿತ ಪ್ರದೇಶವಾದ ವರ್ಷವೇ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ಸಿಕ್ಕಿತು. ಎರಡೂ ಕಾಡುಗಳಲ್ಲಿ ಆದ ತಪ್ಪು ಒಂದೇ: ಕಾಡನ್ನು ಉಳಿಸುವ ಭರದಲ್ಲಿ ಕಾಡನ್ನು ಬಲ್ಲವರನ್ನು ಕೇಳದೆ ಹೋದದ್ದು.

ಡಾಂಬರು ಕಿತ್ತು ಮರ ಉಳಿಸಿದರು

ಕೆಲವೊಮ್ಮೆ ಉಳಿಸುವುದೆಂದರೆ ನಾವೇ ಕಟ್ಟಿದ್ದನ್ನು ಕಿತ್ತು ಹಾಕುವುದು. 2015ಕ್ಕೆ ಮುಂಚೆ ಮರಿಪೋಸಾ ಗ್ರೋವ್‌ಗೆ ಹೋದವರಿಗೆ ನೆನಪಿರಬಹುದು, ಕಾರು ಸಿಕ್ವೊಯಾ ಮರಗಳ ಹತ್ತಿರಕ್ಕೇ ಹೋಗುತ್ತಿತ್ತು. ಅಲ್ಲೇ ಗಿಫ್ಟ್ ಅಂಗಡಿ, ಅಲ್ಲಿಂದ ಮೇಲಕ್ಕೆ ಟ್ರ್ಯಾಮ್ ಸವಾರಿ. ಇಷ್ಟು ದೊಡ್ಡ ಮರವಾದರೂ ಸಿಕ್ವೊಯಾಕ್ಕೆ ಆಳವಾದ ತಾಯಿಬೇರಿಲ್ಲ. ಬೇರುಗಳು ಹೆಚ್ಚು ಆಳಕ್ಕಿಳಿಯದೆ ಸುತ್ತ ನೂರು ಅಡಿಗೂ ಹೆಚ್ಚು ಹರಡಿಕೊಂಡಿರುತ್ತವೆ. ಅದರ ಮೇಲೆ ಡಾಂಬರು ಬಿದ್ದರೆ ಮಣ್ಣು ಗಟ್ಟಿಯಾಗಿ, ನೀರು ಇಂಗದೆ ಮರ ನಿಧಾನವಾಗಿ ಬಾಯಾರುತ್ತದೆ.

2015ರ ಜುಲೈನಲ್ಲಿ ತೋಪನ್ನು ಮುಚ್ಚಿ, ಡಾಂಬರು ಕಿತ್ತು, ಅಂಗಡಿ ಮತ್ತು ಟ್ರ್ಯಾಮ್ ತೆಗೆದು, ತಡೆದುಹೋಗಿದ್ದ ತೊರೆಗಳ ನೀರು ಮತ್ತೆ ಹರಿಯುವಂತೆ ಮಾಡಿ, ಒದ್ದೆ ಜಾಗಗಳ ಮೇಲೆ ಮರದ ಕಾಲುದಾರಿ ಕಟ್ಟಿದರು. ಪಾರ್ಕಿಂಗನ್ನು ಸುಮಾರು ಎರಡು ಮೈಲಿ ದೂರ, ದಕ್ಷಿಣ ದ್ವಾರದ ಬಳಿಗೆ ಸ್ಥಳಾಂತರಿಸಿ ಅಲ್ಲಿಂದ ಬಸ್ ಬಿಟ್ಟರು. ಒಟ್ಟು ಖರ್ಚು 4 ಕೋಟಿ ಡಾಲರ್. ಅದರಲ್ಲಿ ಅರ್ಧ ಯೊಸೆಮಿಟಿ ಕನ್ಸರ್ವೆನ್ಸಿ ಎಂಬ ಸಂಸ್ಥೆಯ ಮೂಲಕ ದಾನಿಗಳು ಕೊಟ್ಟ ಹಣ. 2018ರ ಜೂನ್‌ನಲ್ಲಿ ತೋಪು ಮತ್ತೆ ತೆರೆಯಿತು. ನಡೆಯಬೇಕಾದ ದೂರ ಹೆಚ್ಚಾಯಿತೆಂದು ಗೊಣಗಿದವರೂ ಇದ್ದಾರೆ. ಆದರೆ ಎಂಜಿನ್ ಸದ್ದಿಲ್ಲದ ಜಾಗದಲ್ಲಿ ಆ ಮರಗಳ ಕೆಳಗೆ ನಿಂತವರು ಮತ್ತೆ ಟ್ರ್ಯಾಮ್ ಬೇಕೆನ್ನುವುದು ಅಪರೂಪ.

ಕರಡಿ ಮತ್ತು ನಮ್ಮ ತಿಂಡಿ ಡಬ್ಬಿ

ನಿಸರ್ಗದ ನಿರ್ವಹಣೆ ಎಂದರೆ ಬಹುಪಾಲು ಜನರ ನಿರ್ವಹಣೆಯೇ. ಕರಡಿಗಳ ಕಥೆ ಇದಕ್ಕೆ ಸಾಕ್ಷಿ. ಒಂದು ಕಾಲದಲ್ಲಿ ಯೊಸೆಮಿಟಿಯಲ್ಲಿ ಕಸದ ಗುಂಡಿಯ ಬಳಿ ದೀಪ ಹಾಕಿ, ಕರಡಿಗಳು ಎಂಜಲು ತಿನ್ನುವುದನ್ನು ಪ್ರವಾಸಿಗರಿಗೆ ತೋರಿಸುತ್ತಿದ್ದರು! ಅದು ನಿಂತಮೇಲೂ ಮನುಷ್ಯರ ಊಟದ ರುಚಿ ಹತ್ತಿದ ಕರಡಿಗಳು ಡೇರೆ, ಕಾರು ಬಿಡಲಿಲ್ಲ. 1998ರಲ್ಲಿ ಒಂದೇ ವರ್ಷ 1,500ಕ್ಕೂ ಹೆಚ್ಚು ಕರಡಿ ಪ್ರಕರಣಗಳು ನಡೆದು 6 ಲಕ್ಷ ಡಾಲರಿಗೂ ಮೀರಿ ನಷ್ಟವಾಯಿತು. ಕಾರಿನ ಬಾಗಿಲನ್ನು ಡಬ್ಬಿಯ ಮುಚ್ಚಳದಂತೆ ಬಗ್ಗಿಸಿ ತೆಗೆಯುವ ಶಕ್ತಿ ಕರಡಿಗಿದೆ. ಹಾಗೆ ಮನುಷ್ಯರ ಭಯ ಬಿಟ್ಟು ಅಪಾಯಕಾರಿಯಾದ ಕರಡಿಗಳನ್ನು ಕೊನೆಗೆ ಪಾರ್ಕಿನವರೇ ಕೊಲ್ಲಬೇಕಾಗಿ ಬರುತ್ತಿತ್ತು. ಕಾರಿನಲ್ಲಿ ಬಿಟ್ಟ ಒಂದು ಚಿಪ್ಸ್ ಪೊಟ್ಟಣಕ್ಕೆ ಒಂದು ಕರಡಿಯ ಜೀವ.

ಮರುವರ್ಷದಿಂದ ಹೆಚ್ಚಿನ ಹಣ ಬಂತು. ಕ್ಯಾಂಪಿನ ಪ್ರತಿ ಜಾಗಕ್ಕೂ ಕಬ್ಬಿಣದ ಲಾಕರ್, ಕರಡಿ ತೆಗೆಯಲಾಗದ ಕಸದ ತೊಟ್ಟಿ, ರಾತ್ರಿ ಗಸ್ತು, ತಪ್ಪಿದವರಿಗೆ ದಂಡ. ಪ್ರಕರಣಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಇಳಿದವು. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಹಳೆಯ ಮತ್ತು ಹೊಸ ಕರಡಿಗಳ ಕೂದಲು, ಮೂಳೆಗಳನ್ನು ಪರೀಕ್ಷಿಸಿ, ಅವುಗಳ ಆಹಾರದಲ್ಲಿ ಮನುಷ್ಯರ ತಿನಿಸಿನ ಪಾಲು ಸುಮಾರು ನೂರು ವರ್ಷದ ಹಿಂದಿನ ಮಟ್ಟಕ್ಕೆ ಇಳಿದಿರುವುದನ್ನು ಕಂಡುಕೊಂಡರು. ಕರಡಿಗೆ ಪಾಠ ಕಲಿಸಿ ಆದದ್ದಲ್ಲ, ಮನುಷ್ಯರಿಗೆ ಪಾಠ ಕಲಿಸಿ ಆದದ್ದು.

ಚರಿತ್ರೆಯೂ ಸಂಪತ್ತೇ, ಯಾರ ಚರಿತ್ರೆ?

ರಾಷ್ಟ್ರೀಯ ಉದ್ಯಾನ ಎಂದರೆ ಬೆಟ್ಟ, ಮರ, ಪ್ರಾಣಿ ಎಂದಷ್ಟೇ ನಾವು ತಿಳಿಯುತ್ತೇವೆ. ಆದರೆ ಪಾರ್ಕ್ ಸರ್ವಿಸ್ ನೋಡಿಕೊಳ್ಳುವ 430ಕ್ಕೂ ಹೆಚ್ಚು ಜಾಗಗಳಲ್ಲಿ "ನ್ಯಾಷನಲ್ ಪಾರ್ಕ್" ಎಂಬ ಹೆಸರಿರುವುದು 63ಕ್ಕೆ ಮಾತ್ರ. ಉಳಿದವುಗಳಲ್ಲಿ ಯುದ್ಧಭೂಮಿಗಳು, ಕೋಟೆಗಳು, ಸ್ಮಾರಕಗಳು, ಮಹನೀಯರ ಮನೆಗಳು ಬಹಳಷ್ಟು. 1906ರ ಪುರಾತನ ವಸ್ತುಗಳ ಕಾಯ್ದೆ ಮತ್ತು 1966ರ ಐತಿಹಾಸಿಕ ಸಂರಕ್ಷಣಾ ಕಾಯ್ದೆ ಈ ಕೆಲಸದ ಅಡಿಪಾಯ. ಎರಡನೆಯದರ ಪ್ರಕಾರ, ಸರ್ಕಾರದ ಯಾವುದೇ ಕಾಮಗಾರಿಯಿಂದ ಐತಿಹಾಸಿಕ ಜಾಗಕ್ಕೆ ಧಕ್ಕೆಯಾಗುತ್ತದೆಯೇ ಎಂದು ಮೊದಲೇ ಪರಿಶೀಲಿಸಬೇಕು.

ಯೊಸೆಮಿಟಿಯಲ್ಲಿ 1927ರಲ್ಲಿ ತೆರೆದ ಅವಾನೀ ಹೋಟೆಲ್ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು. ಬಂಡೆ ಹತ್ತುವವರ ತವರೆನಿಸಿದ "ಕ್ಯಾಂಪ್ 4" ಎಂಬ ಧೂಳು ತುಂಬಿದ ಡೇರೆ ಮೈದಾನ ಕೂಡ 2003ರಲ್ಲಿ ಐತಿಹಾಸಿಕ ಜಾಗಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆದರೆ ಎಲ್ಲ ಹಳೆಯದನ್ನೂ ಉಳಿಸಿಕೊಂಡಿಲ್ಲ. ಗ್ಲೇಸಿಯರ್ ಪಾಯಿಂಟ್‌ನ ತುದಿಯಿಂದ ಕೆಂಡ ಸುರಿದು "ಬೆಂಕಿ ಜಲಪಾತ" ತೋರಿಸುವ ಪದ್ಧತಿ 1872ರಿಂದ ನಡೆದು ಬಂದಿತ್ತು. ಅದನ್ನು ನೋಡಲು ಸೇರುವ ಜನ ಹುಲ್ಲುಗಾವಲು ತುಳಿಯುತ್ತಾರೆ, ಅದು ನಿಸರ್ಗದ ದೃಶ್ಯವೂ ಅಲ್ಲ ಎಂದು 1968ರಲ್ಲಿ ನಿಲ್ಲಿಸಿದರು. ಈಗ ಫೆಬ್ರವರಿಯಲ್ಲಿ ನಾವು ನೋಡಲು ಹೋಗುವುದು ಸಂಜೆ ಬಿಸಿಲಿಗೆ ಹೊಳೆಯುವ ಹಾರ್ಸ್‌ಟೇಲ್ ಜಲಪಾತ, ಅದೇ ಬೇರೆ, ಇದೇ ಬೇರೆ.

ಎಲ್ಲಕ್ಕಿಂತ ನೋವಿನ ಅಧ್ಯಾಯ ಮೂಲನಿವಾಸಿಗಳದು. 1851ರಲ್ಲಿ ಮರಿಪೋಸಾ ಬೆಟಾಲಿಯನ್ ಎಂಬ ಪಡೆ ಕಣಿವೆಗೆ ನುಗ್ಗಿ ಅವಾನೀಚಿ ಜನರನ್ನು ಹೊರದೂಡಿತು. ಮರಳಿ ಬಂದವರು ಹೋಟೆಲುಗಳಲ್ಲಿ, ಪಾರ್ಕಿನಲ್ಲಿ ದುಡಿದು ಅಲ್ಲೇ ಬದುಕಿದರು. ಆದರೆ ಕಣಿವೆಯಲ್ಲಿದ್ದ ಅವರ ಕೊನೆಯ ಹಳ್ಳಿಯ ಮನೆಗಳನ್ನು 1969ರಲ್ಲಿ ನೆಲಸಮ ಮಾಡಲಾಯಿತು. ಐತಿಹಾಸಿಕ ಸಂರಕ್ಷಣಾ ಕಾಯ್ದೆ ಬಂದು ಮೂರು ವರ್ಷವಾದ ಮೇಲೆ! ಬಿಳಿಯರ ಹೋಟೆಲ್ ಇತಿಹಾಸವಾಯಿತು, ಮೂಲನಿವಾಸಿಗಳ ಮನೆ ಅಡ್ಡಿಯಾಯಿತು. ದಶಕಗಳ ಒತ್ತಾಯದ ನಂತರ, ಅದೇ ಜಾಗದಲ್ಲಿ "ವಾಹೋಗ" ಎಂಬ ಹಳ್ಳಿಯನ್ನು ತಮ್ಮ ಆಚರಣೆಗಳಿಗಾಗಿ ಮತ್ತೆ ಕಟ್ಟಿಕೊಳ್ಳಲು 2018ರಲ್ಲಿ ಪಾರ್ಕ್ ಸರ್ವಿಸ್ ಮತ್ತು ಮೂಲನಿವಾಸಿಗಳ ಮಂಡಳಿಯ ನಡುವೆ ಒಪ್ಪಂದವಾಯಿತು. ಇಂದು ಏಳು ಬುಡಕಟ್ಟುಗಳು ಯೊಸೆಮಿಟಿಯೊಂದಿಗೆ ಪರಂಪರೆಯ ನಂಟುಳ್ಳವು ಎಂದು ಪಾರ್ಕ್ ಗುರುತಿಸುತ್ತದೆ.

ನಿಸರ್ಗಕ್ಕೂ ಚರಿತ್ರೆಗೂ ಜಗಳ ಬಿದ್ದರೆ?

ಎರಡನ್ನೂ ಕಾಯಬೇಕೆಂದು ಕಾನೂನು ಹೇಳುತ್ತದೆ. ಒಂದನ್ನು ಕಾಯಲು ಹೋದರೆ ಇನ್ನೊಂದು ಕೆಡುವ ಸಂದರ್ಭಗಳೂ ಇವೆ. ಕಣಿವೆಯಲ್ಲಿ ಕರಿ ವಿಲೇಜ್ ಪಾರ್ಕಿಂಗ್ ಲಾಟಿನಲ್ಲಿ ಸೇಬಿನ ಮರಗಳಿರುವುದನ್ನು ನೀವು ಗಮನಿಸಿರಬಹುದು. ಜೇಮ್ಸ್ ಲ್ಯಾಮನ್ ಎಂಬ ಆರಂಭದ ವಲಸಿಗ ನೆಟ್ಟ ತೋಟ ಅದು, ವಯಸ್ಸು 150 ವರ್ಷಕ್ಕೂ ಮಿಕ್ಕಿದೆ. ಇತಿಹಾಸದ ದೃಷ್ಟಿಯಿಂದ ಅಮೂಲ್ಯ. ಆದರೆ ಹಣ್ಣು ಬಿಟ್ಟಾಗ ಕರಡಿಗಳು ಸೇಬಿಗಾಗಿ ಕಾರುಗಳ ನಡುವೆಯೇ ಬರುತ್ತವೆ. ಮರ ಕಡಿಯುವುದೋ, ಕರಡಿ ಓಡಿಸುವುದೋ? ಅದಕ್ಕೆ ಸಿಬ್ಬಂದಿ, ಸ್ವಯಂಸೇವಕರು ಸೇರಿ ಮೊದಲೇ ಹಣ್ಣು ಕಿತ್ತುಬಿಡುವ ಉಪಾಯ ಮಾಡಿಕೊಂಡಿದ್ದಾರೆ.

ಇನ್ನೊಂದು, ಮರ್ಸೆಡ್ ನದಿಯ ಮೇಲಿನ ಹಳೆಯ ಕಲ್ಲಿನ ಸೇತುವೆಗಳು. ನೋಡಲು ಸುಂದರ, ರಾಷ್ಟ್ರೀಯ ಪಟ್ಟಿಯಲ್ಲಿರುವಂಥವು. ಆದರೆ ಅವುಗಳ ಕಮಾನು ಕಿರಿದಾಗಿರುವುದರಿಂದ ಪ್ರವಾಹದ ನೀರು ಒತ್ತಿ ಹರಿದು ದಡ ಕೊರೆಯುತ್ತದೆ. ನದಿಗೆ ಸ್ವತಂತ್ರವಾಗಿ ಹರಿಯಲು ಬಿಡಬೇಕೆಂದು ಶುಗರ್ ಪೈನ್ ಸೇತುವೆಯನ್ನು ತೆಗೆಯುವ ಪ್ರಸ್ತಾಪ ಬಂದಾಗ ಸಂರಕ್ಷಣಾ ಸಂಸ್ಥೆಗಳು ಬಲವಾಗಿ ವಿರೋಧಿಸಿದವು. 2014ರ ಅಂತಿಮ ಯೋಜನೆಯಲ್ಲಿ ಸೇತುವೆಯನ್ನು ಉಳಿಸಿಕೊಂಡು, ನದಿಯ ಮೇಲಾಗುವ ಪರಿಣಾಮವನ್ನು ಬೇರೆ ಉಪಾಯಗಳಿಂದ ತಗ್ಗಿಸಿ ನೋಡೋಣ ಎಂದು ತೀರ್ಮಾನವಾಯಿತು.

ಇದರಲ್ಲಿ ನಮ್ಮ ಪಾತ್ರವೇನು?

ಇಂಥ ತೀರ್ಮಾನಗಳು ಮುಚ್ಚಿದ ಬಾಗಿಲ ಹಿಂದೆ ಆಗುವಂತಿಲ್ಲ. ದೊಡ್ಡ ಯೋಜನೆ ಕೈಗೊಳ್ಳುವ ಮೊದಲು ಪರಿಸರದ ಮೇಲಾಗುವ ಪರಿಣಾಮವನ್ನು ಪರಿಶೀಲಿಸಿ, ಕರಡನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯ ಕೇಳುವ ಪದ್ಧತಿಯಿದೆ. ಅಭಿಪ್ರಾಯ ಕೊಡಲು ನಾಗರಿಕರೇ ಆಗಿರಬೇಕೆಂದಿಲ್ಲ. ವೀಸಾದ ಮೇಲಿರುವವರೂ, ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರೂ ಬರೆಯಬಹುದು. ಕಾರಿಗೆ ಜಾಗ ಎಷ್ಟಿರಬೇಕು, ಬಸ್ ವ್ಯವಸ್ಥೆ ಹೇಗಿರಬೇಕು, ವಯಸ್ಸಾದ ತಂದೆತಾಯಿಯರೊಂದಿಗೆ ಬರುವವರಿಗೆ ಏನು ಅನುಕೂಲ ಬೇಕು ಎಂದು ನಮ್ಮಂಥವರೂ ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ? ನಾವು ಕೊಡುವ ಪ್ರವೇಶ ಶುಲ್ಕದಲ್ಲಿ ಕನಿಷ್ಠ 80 ಭಾಗ ಅದೇ ಪಾರ್ಕಿನಲ್ಲಿ ಉಳಿಯುತ್ತದೆ ಎಂಬುದೂ ತಿಳಿದಿರಲಿ.

ಮುಂದಿನ ಸಲ ಹೋಗುವ ಮುನ್ನ ಈ ಕೆಲವು ವಿಷಯಗಳನ್ನು ದಯವಿಟ್ಟು ನೆನಪಿಡಿ:

- ಕತ್ತಲಾದ ಮೇಲೆ ಕಾರಿನಲ್ಲಿ ಯಾವ ತಿಂಡಿಯನ್ನೂ ಬಿಡಬೇಡಿ. ಉಪ್ಪಿನಕಾಯಿ ಬಾಟಲಿ, ಚಟ್ನಿಪುಡಿ, ಟೂತ್‌ಪೇಸ್ಟ್, ಮಗುವಿನ ಕಾರ್ ಸೀಟಿನಲ್ಲಿ ಬಿದ್ದ ಬಿಸ್ಕತ್ತಿನ ಚೂರು, ಎಲ್ಲಕ್ಕೂ ವಾಸನೆಯಿದೆ. ಲಾಕರಿನಲ್ಲಿಟ್ಟು ಚಿಲಕ ಹಾಕಿ.
- ಪಾತ್ರೆಗಳನ್ನು ನದಿಯಲ್ಲಿ ತೊಳೆಯಬೇಡಿ. ಸೋಪು, ಎಣ್ಣೆ, ಅನ್ನದ ಅಗಳು ಯಾವುದೂ ನೀರಿಗೆ ಸೇರಬಾರದು.
- ಅಳಿಲಿಗೂ ಏನೂ ಹಾಕಬೇಡಿ. ನಮ್ಮಲ್ಲಿ ಪ್ರಾಣಿಗಳಿಗೆ ತಿನ್ನಿಸುವುದು ಪುಣ್ಯದ ಕೆಲಸ, ಇಲ್ಲಿ ಅದರಿಂದ ಪ್ರಾಣಿಗೇ ಕೇಡು.
- ಸಿಕ್ವೊಯಾ ಕಾಯಿ, ಕಲ್ಲು, ಬಾಣದ ಮೊನೆಯಂಥ ಹಳೆಯ ವಸ್ತು ಏನು ಕಂಡರೂ ಅಲ್ಲೇ ಬಿಡಿ. ಪುರಾತನ ವಸ್ತು ಒಯ್ಯುವುದು ಅಪರಾಧ. ಅದು ಬಿದ್ದಿರುವ ಜಾಗವೇ ಅದರ ಕಥೆ ಹೇಳುವುದು.
- ಹುಲ್ಲುಗಾವಲಿನಲ್ಲಿ ಫೋಟೋಗಾಗಿ ದಾರಿ ಬಿಟ್ಟು ಇಳಿಯಬೇಡಿ. ಡ್ರೋನ್ ಹಾರಿಸುವಂತಿಲ್ಲ.
- ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಕೊಡಿಸಿ. ಅವರು ಬಿಲ್ಲೆ ಗಳಿಸುವ ಹೊತ್ತಿಗೆ ನಮಗೂ ನಾಲ್ಕು ವಿಷಯ ತಿಳಿದಿರುತ್ತದೆ.
- ಶುಲ್ಕ, ರಿಸರ್ವೇಶನ್ ಮತ್ತು ರಸ್ತೆಯ ನಿಯಮಗಳು ಆಗಾಗ ಬದಲಾಗುತ್ತವೆ. ಹೊರಡುವ ವಾರ ಪಾರ್ಕಿನ ಅಧಿಕೃತ ಮಾಹಿತಿ ನೋಡಿಕೊಳ್ಳಿ.

ಸಿಕ್ವೊಯಾ ಮರದ ಲೆಕ್ಕದಲ್ಲಿ ರಾಷ್ಟ್ರೀಯ ಉದ್ಯಾನಗಳ ನೂರೈವತ್ತು ಚಿಲ್ಲರೆ ವರ್ಷ ಎಂದರೆ ಏನೇನೂ ಅಲ್ಲ. ಅಷ್ಟರಲ್ಲೇ ನಾವು ಮನುಷ್ಯರು ಬೆಂಕಿ ಆರಿಸುವುದು ಸರಿ ಎಂದೆವು, ಆಮೇಲೆ ಹಚ್ಚುವುದು ಸರಿ ಎಂದೆವು. ಕರಡಿಗೆ ಎಂಜಲು ಹಾಕಿದೆವು, ಆಮೇಲೆ ಬೀಗ ಹಾಕಿದೆವು. ಮೂಲನಿವಾಸಿಗಳನ್ನು ಓಡಿಸಿದೆವು, ಈಗ ಅವರನ್ನೇ ಕರೆದು ಕಾಡನ್ನು ಹೇಗೆ ನೋಡಿಕೊಳ್ಳುತ್ತಿದ್ದಿರಿ ಎಂದು ಕೇಳುತ್ತಿದ್ದೇವೆ. ಇಂದು ಸರಿ ಎನ್ನಿಸಿದ್ದು ನಾಳೆ ತಪ್ಪೆಂದು ಕಾಣಬಹುದು. ಹಾಗೆ ಕಂಡಾಗ ಒಪ್ಪಿಕೊಂಡು ತಿದ್ದಿಕೊಳ್ಳುವ ವ್ಯವಸ್ಥೆ ಇರುವವರೆಗೆ ಆ ಮರಗಳಿಗೆ ಭರವಸೆಯಿದೆ. ಮುಂದಿನ ಸಲ ಆ ದಾರಿಯಲ್ಲಿ ಹೊಗೆ ಕಂಡರೆ ಹಿಂದಿನ ಸೀಟಿನ ಮಕ್ಕಳಿಗೂ, ಪಕ್ಕದಲ್ಲಿ ಕೂತ ಅಜ್ಜ-ಅಜ್ಜಿಯರಿಗೂ ಅದೇಕೆ ಎಂದು ನಾವೇ ವಿವರಿಸೋಣ.